ಪಟೇಲನಿಗೆ ಕೊಟ್ಟ ಮೀಸೆ

ಮೂಗಿನ ಕೆಳಗೆ ಗಾಳಿ ಆಡುತ್ತಿತ್ತು. ಬಂಗಾರಪೇಟೆಯಲ್ಲಿ ರೈಲು ಹತ್ತಿದಾಗಿನಿಂದ ಕೋರಮಂಡಲ್‌ನಲ್ಲಿ ಇಳಿಯುವವರೆಗೂ ಕೋದಂಡಪ್ಪನಿಗೆ ಈ ಗಾಳಿಯದೇ ಧ್ಯಾನ. ತನ್ನ ಮುಖದಲ್ಲಿ ಇಷ್ಟೊಂದು ಖಾಲಿ ಜಾಗ ಇತ್ತೆಂಬುದೇ ಅವನಿಗೆ ಗೊತ್ತಿರಲಿಲ್ಲ. ತಲೆ ಬೋಳಾದದ್ದು ದೊಡ್ಡ ವಿಷಯವಲ್ಲ. ಹೇನು ಎನ್ನಬಹುದು, ಕಜ್ಜಿ ಎನ್ನಬಹುದು, ಏನೂ ತೋಚದಿದ್ದರೆ ತಿರುಪತಿ ಎನ್ನಬಹುದು. ಆದರೆ ಮೀಸೆಗೆ ಏನು ಹೇಳುವುದು? ಅಪ್ಪ ಬದುಕಿರುವ ಗಂಡಸು ಮೀಸೆಗೆ ಕತ್ತಿ ತಾಗಿಸುವುದಿಲ್ಲ ಎಂಬುದು ಅವನ ಬೂದಿಕೋಟೆ ಸೀಮೆಯಲ್ಲಿ ಎಮ್ಮೆ ಕಾಯುವವನಿಗೂ ಗೊತ್ತು. ಅಪ್ಪ ಬಚ್ಚಪ್ಪ ಊರಲ್ಲಿ ಗಟ್ಟಿಮುಟ್ಟಾಗಿ ಅವರೆ ಹೊಲ ಕಾಯುತ್ತಿದ್ದ. ಆದರೂ ಶನಿವಾರ ಸಂಜೆ ಕೆರೆ ಏರಿಯ ಮೇಲೆ, ತಲೆ ಮುಗಿಸಿದ ಕ್ಷೌರದ ಆಂಜಿನಪ್ಪ ಕತ್ತಿಯನ್ನು ಕಿವಿಯ ಹತ್ತಿರ ನಿಲ್ಲಿಸಿ, 'ಮೀಸೇನೂ ತೆಗೀಲಾ ಅಣ್ಣ?' ಎಂದು ಕೇಳಿದಾಗ ಕೋದಂಡಪ್ಪ ಊಂ ಎಂದಿದ್ದ. ಬೇಡ ಎನ್ನಲು ಬೇಕಾದಷ್ಟು ಹೊತ್ತಿತ್ತು, ಆಂಜಿನಪ್ಪ ಎರಡು ಸಲ ಕೇಳಿದ್ದ. ಇದೆಲ್ಲ ಯಾರಿಗಾಗಿ ಎಂದರೆ, ಉತ್ತರದ ಕಡೆಯಿಂದ ಗೂಡ್ಸ್ ಗಾಡಿಯಲ್ಲಿ ಬಂದಿದ್ದ ಒಂದು ಕೋತಿಗಾಗಿ.

ಬೆಳಿಗ್ಗೆ ಹೊರಡುವಾಗ ತಲೆಗೆ ರುಮಾಲು ಸುತ್ತಲು ಹೋಗಿದ್ದ. ಪುಷ್ಯದ ಚಳಿ ಬೇರೆ. ಹೆಂಡತಿ ಕನಕಮ್ಮ ರುಮಾಲನ್ನು ಕೈಯಿಂದ ಕಿತ್ತುಕೊಂಡಳು. 'ಬೋಳಿಸ್ಕೊಂಡ ಮ್ಯಾಲೆ ಮನೆ ಇರೀಕರು ಕಟ್ಟೋವರ್ಗೂ ತಲೆ ಮ್ಯಾಲೆ ಬಟ್ಟೆ ಆಕ್ಬಾರ್ದು. ಅಷ್ಟೂ ಗೊತ್ತಿಲ್ವಾ?' ಎಂದಳು. ಕೋತಿಯ ಸೂತಕಕ್ಕೆ ಯಾವ ಹಿರೀಕರು ಬಂದು ರುಮಾಲು ಕಟ್ಟುತ್ತಾರೆ ಎಂದು ಕೇಳಿದರೆ, ಆ ಮಾತು ಮೀಸೆ ಕೊಡುವ ಮುಂಚೆ ಯೋಚಿಸಬೇಕಿತ್ತು ಎಂದು ಒಲೆಯ ಕಡೆ ತಿರುಗಿದಳು. ಬೆನ್ನು ತಿರುಗಿಸಿಕೊಂಡೇ, 'ಮಾವ ಬದ್ಕಿರೋವಾಗ್ಲೆ ಇಂಗ್ ಮಾಡ್ಕೊಂಡ್ರಲ್ಲ, ಅವ್ರಿಗೇನಾದ್ರೂ ಎಚ್ಚುಕಮ್ಮಿ ಆದ್ರೆ?' ಎಂದದ್ದು ಅವನಿಗೆ ಬಾಗಿಲಾಚೆಗೂ ಕೇಳಿಸಿತು.

ಕನಕಮ್ಮನಿಗೆ ಅವನ ಕೆಲಸದ ಮೇಲೆ ಮೊದಲಿನಿಂದಲೂ ಅಷ್ಟಕ್ಕಷ್ಟೆ. ಕೋರಮಂಡಲ್‌ನ ಚಿನ್ನದ ಗಣಿಯ ಬಿಳಿ ಮರಳಿನ ದಿಬ್ಬದ ಹಿಂದೆ, ತಗಡಿನ ಶೆಡ್ಡಿನಲ್ಲಿ, ಇಂಗ್ಲಿಷ್ ಡಾಕ್ಟರು ಟೇಟ್ ದೊರೆ ಕೋದಂಡಪ್ಪನನ್ನು ಕೈಕೆಳಗೆ ಇಟ್ಟುಕೊಂಡು ಕೋತಿಗಳ ಚಳಿಜ್ವರದ ಹುಳುವನ್ನು ಸಾಕುತ್ತಿದ್ದ. ಆ ಹುಳು ಸಿಂಗಾಪುರದ ಕೋತಿಯ ರಕ್ತದಲ್ಲಿ ಸಿಕ್ಕಿದ್ದಂತೆ, ಕಲ್ಕತ್ತೆಯ ದಾರಿಯಾಗಿ ಬಂದದ್ದಂತೆ. ಅದನ್ನು ಡಬ್ಬಿಯಲ್ಲಿ ಇಡಲಾಗುವುದಿಲ್ಲ. ಒಂದು ಕೋತಿಯ ರಕ್ತ ತೆಗೆದು ಇನ್ನೊಂದಕ್ಕೆ ಸೂಜಿಯಲ್ಲಿ ಕೊಡಬೇಕು, ಅದು ಸಾಯುವ ಮೊದಲು ಅದರಿಂದ ಮತ್ತೊಂದಕ್ಕೆ. ಹಾಗೆ ದಾಟಿಸುತ್ತಾ ದಾಟಿಸುತ್ತಾ ಮನುಷ್ಯರ ಚಳಿಜ್ವರದ ಗುಟ್ಟನ್ನೂ ತಿಳಿಯಬಹುದು ಎಂಬುದು ದೊರೆಯ ನಂಬಿಕೆ. ಹೆಂಡತಿಗೆ ಅರ್ಥವಾಗಲೆಂದು ಕೋದಂಡಪ್ಪ ಮೊಸರಿನ ಹೆಪ್ಪಿನ ಉದಾಹರಣೆ ಕೊಟ್ಟಿದ್ದ. ನಿನ್ನೆಯ ಮಜ್ಜಿಗೆ ಒಂದು ತೊಟ್ಟು ಎತ್ತಿಟ್ಟು ಇವತ್ತಿನ ಹಾಲಿಗೆ ಹಾಕುವುದಿಲ್ಲವೇ, ಹಾಗೆ. ಅವಳು ಚೆನ್ನಾಗಿ ಕೇಳಿಸಿಕೊಂಡು, 'ಅಂಗಾರೆ ಮಡಕೆ ಕಥೆ ಏನು?' ಎಂದಿದ್ದಳು. ಅವನು ಊಟ ಮುಗಿಸಿ ಎದ್ದಿದ್ದ. ಶೆಡ್ಡಿನಲ್ಲಿ ಮಡಕೆಗಳಿಗೆ ಹೆಸರಿಡುವಂತಿಲ್ಲ, ನಂಬರು ಮಾತ್ರ. ಆದರೆ ಏಳನೆಯವನು ಪಂಜರದಲ್ಲಿ ಹೊಟ್ಟೆಯ ಮೇಲೆ ಕೈ ಕಟ್ಟಿಕೊಂಡು, ಕಂದಾಯ ಕೊಡದವನನ್ನು ನೋಡುವ ಹಾಗೆ ನೋಡುತ್ತಿದ್ದ ರೀತಿಗೆ ಕೋದಂಡಪ್ಪ ಮನಸ್ಸಿನಲ್ಲೇ ಅವನನ್ನು ಪಟೇಲ ಎಂದು ಕರೆಯತೊಡಗಿದ್ದ. ಆಮೇಲೆ ಬಾಯಲ್ಲೂ ಬಂತು. ಕಡಲೆಕಾಯಿ ಕೊಡುವಾಗ, ತಗೊಳ್ಳಿ ಪಟೇಲರೇ ಎಂದು ಬಹುವಚನವೂ ಸೇರಿಕೊಂಡಿತು. ಪಟೇಲನಿಗೆ ಜ್ವರದ ಸೂಜಿ ಚುಚ್ಚಿದವನೂ ಅವನೇ.

ಶನಿವಾರ ದೊರೆ ಬೆಂಗಳೂರಿಗೆ ಹೋಗಿದ್ದ. ಪಟೇಲ ಇನ್ನು ಉಳಿಯುವುದಿಲ್ಲವೆಂದು ಇಬ್ಬರಿಗೂ ಗೊತ್ತಿತ್ತು. ಹುಳು ಆಗಲೇ ಎಂಟನೆಯವನ ಮೈಗೆ ದಾಟಿಯಾಗಿತ್ತು. ಇವನು ಸತ್ತ ಕೂಡಲೇ ಹೊಟ್ಟೆ ಕೊಯ್ದು, ಎಡ ಪಕ್ಕೆಯ ಕೆಳಗೆ ಜ್ವರಕ್ಕೆ ಊದಿಕೊಂಡಿರುವ ಗುಲ್ಮವನ್ನು, ದೊರೆಯ ಮಾತಿನಲ್ಲಿ ಪ್ಲೀಹವನ್ನು, ತೆಗೆದು ಸೀಸೆಯಲ್ಲಿ ಇಡು, ಉಳಿದದ್ದನ್ನು ಕಾಂಪೌಂಡಿನಲ್ಲೇ ಸುಟ್ಟುಬಿಡು ಎಂದು ದೊರೆ ಅಪ್ಪಣೆ ಕೊಟ್ಟಿದ್ದ. ಹಿಂದಿನ ಆರು ಸಲವೂ ಕೋದಂಡಪ್ಪ ಹಾಗೆಯೇ ಮಾಡಿದ್ದ, ಮಧ್ಯಾಹ್ನದ ಮುದ್ದೆಯನ್ನೂ ಬಿಟ್ಟಿರಲಿಲ್ಲ. ಆದರೆ ಪಟೇಲ ಕೊನೆಯ ಚಳಿಯಲ್ಲಿ ಅವನ ಕೋಟಿನ ತೋಳನ್ನು ಹಿಡಿದುಕೊಂಡುಬಿಟ್ಟ. ಊರಿಗೆ ಹೊರಟವನನ್ನು ನೆಂಟರು ಇನ್ನೊಂದು ದಿನ ಇದ್ದು ಹೋಗಿ ಎಂದು ಹಿಡಿದುಕೊಳ್ಳುವ ಹಾಗೆ, ಜೋರಾಗಿಯೂ ಅಲ್ಲ, ಸುಮ್ಮನೆಯೂ ಅಲ್ಲ. ಸತ್ತ ಮೇಲೂ ಆ ಬೆರಳುಗಳನ್ನು ಒಂದೊಂದಾಗಿ ಬಿಡಿಸಬೇಕಾಯಿತು. ಕೋದಂಡಪ್ಪ ಚಾಕು ಎತ್ತಿಕೊಂಡ, ಇಟ್ಟ, ಮತ್ತೆ ಎತ್ತಿಕೊಂಡ. ಕೊನೆಗೆ ಪಟೇಲನನ್ನು ಇಡಿಯಾಗಿ ಗೋಣಿಚೀಲಕ್ಕೆ ಇಳಿಸಿ, ಬಂಗಾರಪೇಟೆಯ ಕೆರೆ ಹತ್ತಿರ ಗುಟ್ಟಾಗಿ ಮಣ್ಣು ಮಾಡಿದರಾಯಿತು ಎಂದುಕೊಂಡು ಸಂಜೆಯ ರೈಲು ಹತ್ತಿದ.

ತಾನೊಂದು ಬಗೆದರೆ ದೈವವೊಂದು ಬಗೆಯಿತು. ಎದುರಿಗೆ ತರಕಾರಿ ಬುಟ್ಟಿ ಇಟ್ಟುಕೊಂಡು ಕೂತಿದ್ದ ಕದಿರಮ್ಮ ರೈಲು ಮರಳಿನ ದಿಬ್ಬ ದಾಟುವ ಮೊದಲೇ ಚೀಲದಿಂದ ಜಾರಿದ ಬಾಲವನ್ನು ಕಂಡಳು. 'ಏನ್ ಪಾ ಇದು? ಆಂಜನೇಯರ್ ಅಲ್ವಾ? ಶನಿವಾರ ಓಗಿಬಿಟ್ರಾ?' ಎಂದು ಕೈಮುಗಿದಳು. ಸೊಪ್ಪಿಗೆ ಚಿಮುಕಿಸಲು ತಂದಿದ್ದ ನೀರನ್ನೇ ಚೀಲಕ್ಕೆ ಪ್ರೋಕ್ಷಿಸಿದಳು. ಯಾರೋ ಅರಿಸಿನ ಕೊಟ್ಟರು, ಯಾರೋ ಮುಡಿದ ಹೂವು ಬಿಚ್ಚಿದರು. ಬಂಗಾರಪೇಟೆ ಬರುವ ಹೊತ್ತಿಗೆ ಡಬ್ಬಿಯ ಜನವೆಲ್ಲ ಸೇರಿ ತಮಟೆ, ಚಟ್ಟ, ಗುಂಡಿ ಎಲ್ಲವನ್ನೂ ಇತ್ಯರ್ಥ ಮಾಡಿದ್ದರು. ಮಗನ ಸ್ಥಾನದಲ್ಲಿ ನಿಂತು ತಲೆ ಕೊಡುವವರು ಯಾರು ಎಂಬುದೊಂದೇ ಉಳಿದಿತ್ತು. 'ಮಡಿಲಲ್ಲಿ ಇಟ್ಕೊಂಡ್ ಬಂದೋರೇ ಮಗ ಪಾ, ಇನ್ಯಾರು?' ಎಂದು ಕದಿರಮ್ಮ ತೀರ್ಪು ಕೊಟ್ಟಳು. ಎಷ್ಟು ಒಳ್ಳೆಯವನು, ದಾರಿಯಲ್ಲಿ ಸತ್ತು ಬಿದ್ದ ದೇವರನ್ನು ಎತ್ತಿಕೊಂಡು ಬಂದಿದ್ದಾನೆ ಎಂದು ಹೆಂಗಸರು ಅವನನ್ನು ನೋಡುತ್ತಿದ್ದರು. ಆ ನೋಟವನ್ನು ಸಹಿಸಲಾಗದೆ ತಲೆ ಕೊಟ್ಟಿದ್ದ. ತಲೆ ಕೊಟ್ಟ ಮೇಲೂ ಆ ನೋಟ ಹೋಗಲಿಲ್ಲ. ಅದಕ್ಕೇ ಇರಬೇಕು ಮೀಸೆಯನ್ನೂ ಕೊಟ್ಟದ್ದು.

ಸೋಮವಾರದ ಬಿಸಿಲು ತಗಡಿನ ಮೇಲೆ ಏರುತ್ತಿತ್ತು. ಶೆಡ್ಡಿನ ಬಾಗಿಲಲ್ಲಿ ಟೇಟ್ ದೊರೆ ನಿಂತಿದ್ದ. ಗುಲ್ಮ ಕೊಳೆತುಹೋಯಿತು ಎನ್ನುವುದೋ, ಸೀಸೆ ಒಡೆಯಿತು ಎನ್ನುವುದೋ ಎಂದು ಕೋದಂಡಪ್ಪ ರೈಲಿನಲ್ಲಿ ಎರಡು ಸುಳ್ಳು ಕಟ್ಟಿಕೊಂಡು ಬಂದಿದ್ದ. ಸುಳ್ಳಿನ ವಿಷಯದಲ್ಲಿ ದೊರೆ ಕಟುಕ. ಹಿಂದಿದ್ದವನು ಗಾಜಿನ ಪಟ್ಟಿಯನ್ನು ನೋಡದೆಯೇ ರಕ್ತದಲ್ಲಿ ಹುಳು ಇಲ್ಲ ಎಂದು ಹೇಳಿ ಅದೇ ಮಧ್ಯಾಹ್ನ ಕೆಲಸ ಕಳೆದುಕೊಂಡಿದ್ದ. 'ಕಂಡುದನ್ನು ಹೇಳತಕ್ಕದ್ದು, ಕಾಣದುದನ್ನು ಕಂಡೆನೆನ್ನತಕ್ಕದ್ದಲ್ಲ' ಎಂಬುದು ದೊರೆಯ ಮಂತ್ರ. ಬೆಂಗಳೂರಿನ ಮುನ್ಷಿಯೊಬ್ಬನಿಂದ ಅವನು ಕನ್ನಡ ಕಲಿತಿದ್ದ, ಆ ಮುನ್ಷಿ ಕನ್ನಡದಲ್ಲಿ ಒಮ್ಮೆಯೂ ಬದನೆಕಾಯಿ ಚೌಕಾಸಿ ಮಾಡಿದವನಲ್ಲವೆಂದು ತೋರುತ್ತಿತ್ತು. ಈ ನೆಲದ ಆಚಾರ ವಿಚಾರವೆಲ್ಲ ತನಗೆ ಕರತಲಾಮಲಕ ಎಂಬ ಹೆಮ್ಮೆಯೂ ದೊರೆಗೆ ಇತ್ತು. ಕೋದಂಡಪ್ಪ ಬಾಯಿ ತೆರೆಯುವಷ್ಟರಲ್ಲಿ ದೊರೆ ಕೈ ಎತ್ತಿ ತಡೆದ. ಮೊದಲು ತಲೆ ನೋಡಿದ, ಆಮೇಲೆ ಮೂಗಿನ ಕೆಳಗಿನ ಖಾಲಿ ಜಾಗ ನೋಡಿದ. ತನ್ನ ಟೋಪಿ ತೆಗೆದ.

'ಹೇಳಬೇಡಿರಿ, ನಾನು ಬಲ್ಲೆನು. ತಮ್ಮ ತೀರ್ಥರೂಪರು ಸ್ವರ್ಗಸ್ಥರಾದರು' ಎಂದ.

ಅಲ್ಲ ಎನ್ನಬೇಕಿತ್ತು. ಆ ಒಂದು ಮಾತಿಗೆ ಬೇಕಾದ ಉಸಿರು ಗಂಟಲಲ್ಲಿ ಇತ್ತು ಕೂಡ. ಆದರೆ ಅಲ್ಲ ಎಂದರೆ ಮತ್ತೇನು ಎಂಬ ಪ್ರಶ್ನೆ ಬರುತ್ತದೆ, ಮತ್ತೇನು ಎಂದರೆ ಪಟೇಲ, ಪಟೇಲ ಎಂದರೆ ರೈಲು, ತಮಟೆ, ಅಪ್ಪಣೆ ಮೀರಿದ್ದು, ಕೊಯ್ಯದ ಗುಲ್ಮ. ಕೋದಂಡಪ್ಪ ತಲೆ ತಗ್ಗಿಸಿದ. ತಗ್ಗಿಸಿದ ಬೋಳುತಲೆಗಿಂತ ದೊಡ್ಡ ಹೌದು ಬೇಕೆ? ದೊರೆಯ ಕಣ್ಣು ನಿಜವಾಗಿಯೂ ಒದ್ದೆಯಾಯಿತು. 'ಅಂತಹ ವಾರ್ತೆ ಬಂದ ದಿನ ಪ್ಲೀಹವನ್ನು ಯಾವ ಪುತ್ರನು ಕೊಯ್ದಾನು? ಆ ಚಿಂತೆ ಬಿಡಿರಿ. ಕರ್ಮಾಂತರಗಳು ಮುಗಿಯುವ ತನಕ ರಜೆ ತೆಗೆದುಕೊಳ್ಳಿರಿ' ಎಂದು ಅವನ ಹೆಗಲು ತಟ್ಟಿದ. ಬೈದಿದ್ದರೆ ಎಷ್ಟೋ ವಾಸಿ ಇತ್ತು. ಸತ್ತ ಕೋತಿ ಒಂದು, ಸಾಯದ ಅಪ್ಪ ಒಬ್ಬ, ಇಬ್ಬರನ್ನೂ ಅಡ್ಡ ಇಟ್ಟು ತಾನು ಉಳಿದುಕೊಂಡೆ ಎನ್ನಿಸಿ ಕೋದಂಡಪ್ಪನಿಗೆ ತನ್ನ ಮೇಲೆಯೇ ಹೇಸಿಗೆಯಾಯಿತು. ಕೋತಿ ತಾನು ಕೆಡುವುದಲ್ಲದೆ ವನವನ್ನೆಲ್ಲ ಕೆಡಿಸಿತು ಎಂಬ ಗಾದೆಯಲ್ಲಿ ಕೋತಿ ಯಾರೆಂದು ಅವನಿಗೆ ಈಗ ಅನುಮಾನವಿರಲಿಲ್ಲ. ರಜೆ ಬೇಡ, ಎಂಟನೆಯವನ ರಕ್ತ ನೋಡಬೇಕು ಎಂದು ಒಳಗೆ ಓಡಿದ. ದೊರೆ ಅದನ್ನೂ ಕರ್ತವ್ಯನಿಷ್ಠೆ ಎಂದುಕೊಂಡ.

ಎಂಟನೆಯವನು ಪಾಪದವನು. ಸೂಜಿ ಕಂಡರೆ ತಾನೇ ಕಿವಿ ಕೊಡುತ್ತಿದ್ದ. ಕಿವಿಯ ಅಂಚಿನಿಂದ ಒಂದು ತೊಟ್ಟು ತೆಗೆದು, ಗಾಜಿನ ಪಟ್ಟಿಗೆ ಸವರಿ, ಬಣ್ಣ ಹಾಕಿ, ಸೂಕ್ಷ್ಮದರ್ಶಕಕ್ಕೆ ಕಣ್ಣು ಹಚ್ಚಿದಾಗ ಕೋದಂಡಪ್ಪನಿಗೆ ಸ್ವಲ್ಪ ಸಮಾಧಾನವಾಯಿತು. ಅಲ್ಲಿ ಬೋಳುತಲೆಯೂ ಇಲ್ಲ, ದೊರೆಯ ಕನಿಕರವೂ ಇಲ್ಲ. ನಸುಗೆಂಪು ಬಿಲ್ಲೆಗಳ ನಡುವೆ ಪುಟ್ಟ ನೀಲಿ ಉಂಗುರಗಳು, ಒಂದೊಂದು ಉಂಗುರಕ್ಕೂ ಒಂದು ಕೆಂಪು ಹರಳು. ಚೆಲುವು ಎಂದರೆ ಚೆಲುವು. ಮೊದಲ ಸಲ ನೋಡಿದಾಗ ಕನಕಮ್ಮನ ಮೂಗಿಗೆ ಇಂಥದ್ದೊಂದು ಮಾಡಿಸಬೇಕು ಎಂದುಕೊಂಡಿದ್ದ. ಹುಳು ಎಂಟನೆಯವನಲ್ಲಿ ಚೆನ್ನಾಗಿ ಹತ್ತಿತ್ತು. ಹೆಪ್ಪು ಹಿಡಿದಿತ್ತು. ಇನ್ನು ಸ್ವಲ್ಪ ದಿನಕ್ಕೆ ಇವನೂ ತೋಳು ಹಿಡಿದುಕೊಳ್ಳುತ್ತಾನೆ, ಕೊಡಲು ನನ್ನ ತಲೆಯಲ್ಲಿ ಕೂದಲೇ ಇಲ್ಲವಲ್ಲ ಎಂದು ಯೋಚಿಸುತ್ತಿದ್ದವನಿಗೆ ಥಟ್ಟನೆ ಬೇರೆ ಏನೋ ಹೊಳೆಯಿತು. ಇವತ್ತು ಸೋಮವಾರ. ಅವರೆಕಾಯಿಯ ಕಾಲದಲ್ಲಿ ಸೋಮವಾರ ಸೋಮವಾರ ಬೂದಿಕೋಟೆಯಿಂದ ಗಣಿಯ ಲಾಯಕ್ಕೆ ಹುಲ್ಲಿನ ಗಾಡಿ ಬರುತ್ತದೆ. ಆ ಹುಲ್ಲಿನ ಮೇಲೆ ಮಗನಿಗೆಂದು ಒಂದು ಚೀಲ ಅವರೆಕಾಯಿ ಇಟ್ಟುಕೊಂಡು ಅಪ್ಪ ಬರುತ್ತಾನೆ. ಸತ್ತವನು ಅವರೆಕಾಯಿ ಹೊತ್ತುಕೊಂಡು ಬಂದರೆ ದೊರೆ ಯಾವ ಟೋಪಿ ತೆಗೆದಾನು? ಇವತ್ತೇ ಕೆಲಸ ಹೋಗುತ್ತದೆ. ಗೇಟಿಗೆ ಓಡಿ ಗಾಡಿಯನ್ನು ಹೊರಗೇ ತಡೆಯಬೇಕು ಎಂದು ಅವನು ಎದ್ದ.

ಗಾಡಿ ಆಗಲೇ ಬಂದು ನಿಂತಿತ್ತು. ಬಚ್ಚಪ್ಪ ಚೀಲವನ್ನು ಹೆಗಲಿಗೇರಿಸಿಕೊಂಡು ಶೆಡ್ಡಿನ ಮುಂದೆಯೇ ನಿಂತಿದ್ದ. ಮಗನ ತಲೆ ನೋಡಿ ಚೀಲ ಇಳಿಸುವುದನ್ನು ಮರೆತ. 'ಯಾರ್ಲಾ ಓದೋರು?' ಎಂದು ಮೆಲ್ಲಗೆ ಕೇಳಿದ. ಮನೆಯಲ್ಲಿ ಮೀಸೆ ಕೊಡಬೇಕಾದಂಥ ತಲೆ ತನ್ನದೊಂದೇ ಉಳಿದಿದೆಯಲ್ಲ ಎಂಬ ಗಲಿಬಿಲಿ ಅವನ ಮುಖದಲ್ಲಿ ಕಾಣುತ್ತಿತ್ತು. ಅಷ್ಟರಲ್ಲಿ ದೊರೆ ಹೊರಗೆ ಬಂದ. ಮುದುಕನ ಮೂಗು, ಹುಬ್ಬು ನೋಡಿದ, ರಕ್ತಸಂಬಂಧವನ್ನು ಕಂಡುಹಿಡಿದ, ಮತ್ತೆ ಟೋಪಿ ತೆಗೆದ. 'ಇವರ ತೀರ್ಥರೂಪರ ಮರಣವಾರ್ತೆಯಿಂದ ನನಗೆ ಅತೀವ ವ್ಯಸನವಾಗಿದೆ. ತಾವು ಮೃತರಿಗೆ ಏನಾಗಬೇಕು?' ಎಂದ.

'ಏನಂತಾರೆ ದೊರೆ?' ಎಂದು ಬಚ್ಚಪ್ಪ ಮಗನನ್ನು ಕೇಳಿದ.

'ನಮ್ಮಪ್ಪ ಸತ್ತೋದ್ರಲ್ಲ, ಅದ್ಕೆ ದುಃಖ ಆಗಿದೆಯಂತೆ' ಎಂದ ಕೋದಂಡಪ್ಪ ನೆಲ ನೋಡುತ್ತಾ. 'ನೀವು ಅವ್ರಿಗೆ ಏನಾಗ್ಬೇಕು ಅಂತ ಕೇಳ್ತಾವ್ರೆ.'

ಬಚ್ಚಪ್ಪ ಮಗನನ್ನು ನೋಡಿದ, ದೊರೆಯನ್ನು ನೋಡಿದ, ದೊರೆಯ ಕೈಯಲ್ಲಿದ್ದ ಟೋಪಿಯನ್ನೂ ನೋಡಿದ. ಸಂತೆಯಲ್ಲಿ ದನದ ಬೆಲೆಗೆ ಹೂಂ ಎನ್ನುವ ಮೊದಲು ತೆಗೆದುಕೊಳ್ಳುವಷ್ಟೇ ಹೊತ್ತು ತೆಗೆದುಕೊಂಡ. ಆಮೇಲೆ ಚೀಲ ಇಳಿಸಿ ಅದರ ಮೇಲೆಯೇ ಕೂತ. 'ನಮ್ಮಣ್ಣ ಸ್ವಾಮಿ ಓದೋನು' ಎಂದ. 'ಬಲು ಒಳ್ಳೇನು. ಒಬ್ರ ತಂಟೆಗೆ ಓದೋನಲ್ಲ. ಒಬ್ರ ಮ್ಯಾಲೆ ಕೈ ಎತ್ತಿದೋನಲ್ಲ. ಮಗನ್ನ ಮಾತ್ರ ಒಂದ್ಸಲ ಬೇಲಿಕಡ್ಡೀಲಿ ಬಾರ್ಸಿದ್ದ, ಸುಳ್ಳೇಳ್ದ ಅಂತ. ಇನ್ನೊಂದೆರಡು ಬಿಗೀಬೇಕಾಗಿತ್ತು.' ಕೋದಂಡಪ್ಪ ಸೂಕ್ಷ್ಮದರ್ಶಕ ಒರೆಸುವ ಬಟ್ಟೆಯಲ್ಲಿ ತನ್ನ ಕುತ್ತಿಗೆ ಒರೆಸಿಕೊಂಡ. ದೊರೆ ಗೌರವದಿಂದ ಕೇಳುತ್ತಿದ್ದ. ಯಾವ ವ್ಯಾಧಿಯಿಂದ ತೀರಿಕೊಂಡರು ಎಂದು ಕೇಳಿದಾಗ ಬಚ್ಚಪ್ಪ ತಲೆ ಕೆರೆದುಕೊಂಡು, 'ಜ್ವರ ಸ್ವಾಮಿ' ಎಂದ. 'ದಿನ ಬಿಟ್ ದಿನ ಬತ್ತಿತ್ತು. ಮೊದ್ಲು ಚಳಿ, ಎರಡ್ ಕಂಬಳಿ ಒದ್ದುಕೊಂಡ್ರೂ ಅಲ್ಲು ಕಟಕಟ ಅನ್ನೋದು. ಆಮ್ಯಾಕೆ ಮೈಯೆಲ್ಲ ಕಾದ ಎಂಚಿನಂಗೆ. ಆಮ್ಯಾಕೆ ಬೆವರು ಸುರುದು, ಏನೂ ಆಗ್ದೇ ಇರೋನಂಗೆ ಒಲಕ್ಕೋಗೋದು. ಎಡಗಡೆ ಪಕ್ಕೆ ಕೆಳಗೆ ಗಟ್ಟಿಗೆ ಒಂದ್ ಗಡ್ಡೆನಂಗೆ ಕೈಗೆ ಸಿಕ್ಕೋದು.'

ಕೋದಂಡಪ್ಪನ ಕೈಯಲ್ಲಿದ್ದ ಬಟ್ಟೆ ನಿಂತಿತು. ಸುಳ್ಳು ಹೇಳುವವನು ಜ್ವರ ಎನ್ನುತ್ತಾನೆ, ಹೆಚ್ಚೆಂದರೆ ಭಾರಿ ಜ್ವರ ಎನ್ನುತ್ತಾನೆ. ದಿನ ಬಿಟ್ಟು ದಿನ ಎನ್ನುವುದಿಲ್ಲ. ಬೆವರಿದ ಮೇಲೆ ಹೊಲಕ್ಕೆ ಹೋದೆ ಎನ್ನುವುದಿಲ್ಲ. ಹಬ್ಬಕ್ಕೆ ಊರಿಗೆ ಹೋದಾಗ ಅಪ್ಪ ಹಗಲಿನಲ್ಲೇ ಕಂಬಳಿ ಹೊದ್ದು ಮಲಗಿದ್ದ, ಕೆಲಸ ಜಾಸ್ತಿಯಾಗಿತ್ತು ಕಣ್ಲಾ ಎಂದಿದ್ದ, ಇವನು ಹೌದೆಂದು ಸುಮ್ಮನಾಗಿದ್ದ. ಸಿಂಗಾಪುರದ ಕೋತಿಯ ರಕ್ತದಲ್ಲಿರುವುದು ಕಾಣುವ ಕಣ್ಣಿಗೆ ಹೆತ್ತವನ ಮೈ ನಡುಗಿದ್ದು ಕಂಡಿರಲಿಲ್ಲ. ದೊರೆಯೂ ಎದ್ದು ನಿಂತಿದ್ದ, ಅವನ ಕಣ್ಣಿನಲ್ಲಿ ಕನಿಕರದ ಜಾಗಕ್ಕೆ ಬೇರೆಯೇ ಬೆಳಕು ಬಂದಿತ್ತು. ಅದೇ ಮನೆಯ ನೀರು, ಅದೇ ಸೊಳ್ಳೆ, ಸಹೋದರರಾದ ತಮ್ಮ ರಕ್ತವನ್ನೂ ಪರೀಕ್ಷಿಸತಕ್ಕದ್ದು ಎಂದ. ಬಚ್ಚಪ್ಪ ಬೇಡ ಎನ್ನುವಷ್ಟರಲ್ಲಿ ಅವನ ಬೆರಳು ದೊರೆಯ ಕೈಯಲ್ಲಿತ್ತು.

ಬಣ್ಣ ಹಿಡಿಯುವವರೆಗೆ ಕಾಯಬೇಕಾಯಿತು. ಹೊರಗೆ ಬಚ್ಚಪ್ಪ ಬೆರಳು ಚೀಪುತ್ತಾ ಪಂಜರಗಳ ಮುಂದೆ ಸುತ್ತಾಡುತ್ತಿದ್ದ, ಎಂಟನೆಯವನಿಗೆ ಅವರೆಕಾಯಿ ಸುಲಿದು ಕೊಡುತ್ತಿದ್ದ. ಒಳಗೆ ಕೋದಂಡಪ್ಪ ಗಾಜಿನ ಪಟ್ಟಿ ತೊಳೆದ, ಒಣಗಿಸಿದ, ಕಣ್ಣು ಹಚ್ಚಿದ. ಸಿಕ್ಕದಿರಲಿ ಎಂದು ಆಂಜನೇಯನಿಗೆ ಹರಸಿಕೊಳ್ಳಲು ಹೋಗಿ, ಯಾವ ಮುಖ ಇಟ್ಟುಕೊಂಡು ಹರಸಿಕೊಳ್ಳುವುದು ಎಂದು ಬಿಟ್ಟ. ಪಟ್ಟಿಯನ್ನು ಸರಿಸುತ್ತಾ ಹೋದ. ಬಿಲ್ಲೆ, ಬಿಲ್ಲೆ, ಬರೀ ಬಿಲ್ಲೆ. ಆಮೇಲೆ ಒಂದು ಮೂಲೆಯಲ್ಲಿ ಉಂಗುರ. ಕೆಂಪು ಹರಳಿನ ನೀಲಿ ಉಂಗುರ. ಪಕ್ಕದಲ್ಲಿ ಇನ್ನೊಂದು. ಇಲ್ಲ ಎಂದರೆ ದೊರೆ ನಂಬುತ್ತಾನೆ, ಅಪ್ಪ ಗಾಡಿ ಹತ್ತಿ ಹೋಗುತ್ತಾನೆ, ಯಾವ ಸುಳ್ಳೂ ಬಯಲಾಗುವುದಿಲ್ಲ ಎಂಬ ಯೋಚನೆ ಒಂದು ಗಳಿಗೆ ಬಂದುಹೋದದ್ದಕ್ಕೆ ಅವನಿಗೆ ಅಳು ಬಂತು. ಊರಲ್ಲಿ ಬೋಳಿಸಿದ ತಲೆಯೇ ಸಾವನ್ನು ಕರೆಯುತ್ತದೆ ಎನ್ನುತ್ತಾರಲ್ಲ, ಕನಕಮ್ಮ ಒಲೆಯ ಮುಂದೆ ಅದನ್ನೇ ಅಲ್ಲವೇ ಹೇಳಿದ್ದು.

'ಇದೆ ದೊರೆ' ಎಂದ. ಕಣ್ಣು ತೆಗೆಯದೆಯೇ ಮುಂದುವರಿಸಿದ. 'ಇವರು ಚಿಕ್ಕಪ್ಪ ಅಲ್ಲ. ಇವರೇ ನಮ್ಮ ತಂದೆ. ನಮ್ಮ ತಂದೆ ಸತ್ತಿಲ್ಲ ದೊರೆ.'

ಹೇಳಿಯಾಯಿತು. ಹೋಗುವುದಾದರೆ ಕೆಲಸ ಹೋಗಲಿ ಎಂದು ಕಣ್ಣು ಮುಚ್ಚಿಕೊಂಡು ಕಾದ. ಹೆಗಲ ಮೇಲೆ ದೊರೆಯ ಕೈ ಬಂತು, ಮೊದಲಿಗಿಂತ ಮೆತ್ತಗೆ. 'ನಿಜ, ಸತ್ತಿಲ್ಲ' ಎಂದ ದೊರೆ ಗದ್ಗದನಾಗಿ. 'ತಂದೆಯ ತರುವಾಯ ಚಿಕ್ಕಪ್ಪನೇ ತಂದೆ. ನಿಮ್ಮ ಸಂಪ್ರದಾಯವನ್ನು ನಾನು ಬಲ್ಲೆನು. ಈ ತಂದೆಯನ್ನಾದರೂ ಉಳಿಸಿಕೊಳ್ಳೋಣ.' ಕ್ವಿನೈನ್ ಮಾತ್ರೆಗಳ ದೊಡ್ಡ ಪೊಟ್ಟಣವೊಂದನ್ನು ತಂದು ಕೋದಂಡಪ್ಪನ ಕೈಗೆ ಹಾಕಿದ. ಕಹಿಯೆಂದು ಉಗುಳುತ್ತಾರೆ, ತಾವೇ ಎದುರಿಗೆ ಕೂತು ನುಂಗಿಸತಕ್ಕದ್ದು, ರಜೆಯ ಮೇಲೆ ಈಗಲೇ ಜೊತೆಯಲ್ಲಿ ಹೊರಡಿರಿ ಎಂದು ಅಪ್ಪಣೆ ಮಾಡಿದ. ಕೋದಂಡಪ್ಪ ಇನ್ನೊಂದು ಸಲ ಬಾಯಿ ತೆರೆದ. ಕಂಡದ್ದನ್ನು ಹೇಳಿದರೂ ಕಾಣದವರಿಗೆ ಏನು ಮಾಡುವುದು ಎಂದು ಮುಚ್ಚಿದ. ಅಪ್ಪ ಸತ್ತದ್ದಕ್ಕೆ ಸಿಕ್ಕ ರಜೆಯಲ್ಲಿ ಅಪ್ಪನನ್ನು ಉಳಿಸಿಕೊಳ್ಳಲು ಅವನು ಹುಲ್ಲಿನ ಗಾಡಿ ಹತ್ತಿದ. ಹುಲ್ಲು ಇಳಿಸಿಯಾಗಿತ್ತು, ಅಡಿಯಲ್ಲಿ ಒಂದಿಷ್ಟು ಉಳಿದಿತ್ತು.

ಮರಳಿನ ದಿಬ್ಬ ಹಿಂದಕ್ಕೆ ಸರಿಯಿತು. ಶೆಡ್ಡಿನ ಕಂಬಿಯ ಹಿಂದೆ ಎಂಟನೆಯವನು ಅವರೆಕಾಯಿಯ ಸಿಪ್ಪೆ ಹಿಡಿದುಕೊಂಡು ನೋಡುತ್ತಿದ್ದುದು ಕೋದಂಡಪ್ಪನಿಗೆ ಬಹಳ ದೂರ ಕಾಣುತ್ತಿತ್ತು.

'ಈಗೇಳು, ಯಾರಿಗ್ ಬೋಳಿಸ್ಕೊಂಡೆ?' ಎಂದ ಬಚ್ಚಪ್ಪ.

'ಒಂದು ಕೋತಿಗೆ ಅಪ್ಪ.'

'ಏನಾಗಿತ್ತು ಅದಕ್ಕೆ?'

'ಜ್ವರ.'

'ಎಲ್ಲಿಂದ ಬಂತು ಜ್ವರ?'

'ನಾನೇ ಕೊಟ್ಟೆ' ಎಂದ ಕೋದಂಡಪ್ಪ. ಹೇಳಿದ ಮೇಲೆ ಎದೆ ಸ್ವಲ್ಪ ಹಗುರವಾಯಿತು, ನಾಚಿಕೆ ಮಾತ್ರ ಹಾಗೇ ಉಳಿಯಿತು.

ಗಾಡಿ ಒಂದು ಹಳ್ಳ ಇಳಿದು ಹತ್ತಿತು. ಆಮೇಲೆ ಬಚ್ಚಪ್ಪ ತನ್ನ ತಲೆಯ ರುಮಾಲನ್ನು ಬಿಚ್ಚಿದ, ಮಗನನ್ನು ಹತ್ತಿರಕ್ಕೆ ಎಳೆದುಕೊಂಡು, ಬೋಳುತಲೆಗೆ ಒಂದೊಂದೇ ಸುತ್ತು ಬಿಗಿಯಾಗಿ ಸುತ್ತಿದ. ರುಮಾಲು ಇನ್ನೂ ಬೆಚ್ಚಗಿತ್ತು, ಹರಳೆಣ್ಣೆ ವಾಸನೆ ಬರುತ್ತಿತ್ತು. 'ಇರೀಕರು ಕಟ್ಟಬೇಕಲ್ಲ, ಕಟ್ದೆ. ಸೂತಕ ಮುಗೀತು' ಎಂದ. ಅಪ್ಪನ ತಲೆಯನ್ನು ಬಯಲಿನಲ್ಲಿ ಬರಿದಾಗಿ ಕೋದಂಡಪ್ಪ ಯಾವತ್ತೂ ನೋಡಿರಲಿಲ್ಲ. ಕೂದಲು ಎಷ್ಟು ತೆಳ್ಳಗಾಗಿದೆ ಎಂದು ನೋಡುತ್ತಾ ಮಡಿಲಲ್ಲಿದ್ದ ಮಾತ್ರೆಯ ಪೊಟ್ಟಣವನ್ನು ಗಟ್ಟಿಯಾಗಿ ಹಿಡಿದುಕೊಂಡ.

ಬಚ್ಚಪ್ಪ ಮಗನ ಮೂಗಿನ ಕೆಳಗಿನ ಖಾಲಿ ಜಾಗವನ್ನು, ಕೊಯ್ಲಾದ ಹೊಲ ನೋಡುವ ಹಾಗೆ, ಸ್ವಲ್ಪ ಹೊತ್ತು ನೋಡಿದ. 'ಅಲ್ಲಿ ಇನ್ನೊಂದೈತಲ್ಲ, ಕಾಯಿ ತಿಂತಿತ್ತು, ಅದ್ಕೂ ಮೀಸೆ ಕೊಟ್ಬಿಟ್ಟೀಯ' ಎಂದ. 'ಮುಂದಿನ ಬೆಳೆ ನಂದು ಕಣ್ಲಾ.'